ಕಾಪು ಕೇಂದ್ರದ ಮೂರು ದೂರುಗಳು

ಕೋವಿಡ್ ಮುಗಿದ ಎರಡನೇ ವರ್ಷ. ನಾನು ಆಗ ಒಂದು ಸೇವಾ ಟ್ರಸ್ಟಿನಲ್ಲಿ ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಆಗಿದ್ದೆ. ಟ್ರಸ್ಟಿನ ಹೆಸರು ಇಲ್ಲಿ ಬೇಡ. ಉಡುಪಿ, ಕಾಪು ಮತ್ತು ಕಾರ್ಕಳದಲ್ಲಿ ಅದರ ಡಯಾಲಿಸಿಸ್ ಕೇಂದ್ರಗಳಿದ್ದವು, ಒಟ್ಟು ಇಪ್ಪತ್ತೆರಡು ಯಂತ್ರಗಳು. ಕಚೇರಿ ಮಣಿಪಾಲದಲ್ಲಿ, ಒಂದು ಬಾಡಿಗೆ ಕಟ್ಟಡದ ಎರಡನೇ ಮಹಡಿಯಲ್ಲಿತ್ತು. ಅಲ್ಲಿನ ಕಡತಗಳ ಕೋಣೆಯನ್ನು ಪ್ಲೈವುಡ್ ಹಲಗೆಯಿಂದ ಎರಡು ಮಾಡಿ, ಒಂದು ಪಾಲನ್ನು ಸರ್ವರಿಗೆ ಬಿಟ್ಟಿದ್ದರು. ಕಂಪ್ಯೂಟರಿಗೆ ಸಂಬಂಧಪಟ್ಟ ಎಲ್ಲ ಕೆಲಸಕ್ಕೂ ನಾನೊಬ್ಬಳೇ.

ಮೂರೂ ಕೇಂದ್ರಗಳ ಯಂತ್ರಗಳನ್ನು, ನೀರು ಶುದ್ಧೀಕರಣ ಘಟಕಗಳನ್ನು ನೋಡಿಕೊಳ್ಳುತ್ತಿದ್ದವರು ಸುಧಾಕರ ಎಂಬ ತಂತ್ರಜ್ಞರು. ಏನು ಕೆಟ್ಟರೂ ನರ್ಸುಗಳು ಅವರ ಮೊಬೈಲಿಗೆ ಫೋನ್ ಮಾಡುತ್ತಿದ್ದರು. ಅವರು ಬೈಕಿನಲ್ಲಿರುವಾಗ ಫೋನ್, ಊಟಕ್ಕೆ ಕೂತಾಗ ಫೋನ್. ಕೆಲವು ದೂರುಗಳು ಅವರಿಗೆ ಮರೆತೇ ಹೋಗುತ್ತಿದ್ದವು. ಯಾವ ದೂರು ಯಾವಾಗ ಬಂತು, ಯಾವಾಗ ಮುಗಿಯಿತು ಎಂಬುದಕ್ಕೆ ದಾಖಲೆಯೇ ಇರಲಿಲ್ಲ. ಇದಕ್ಕೊಂದು ಇಶ್ಯೂ ಟ್ರ್ಯಾಕಿಂಗ್ ವ್ಯವಸ್ಥೆ ಬೇಕು ಎಂದು ಆಡಳಿತಾಧಿಕಾರಿಗಳಿಗೆ ಹೇಳಿದವಳು ನಾನೇ. ಅಂದರೆ, ಪ್ರತಿಯೊಂದು ದೂರಿಗೂ ಒಂದು ಸಂಖ್ಯೆ ಕೊಟ್ಟು, ಅದನ್ನು ಒಬ್ಬರಿಗೆ ವಹಿಸಿ, ಮುಗಿಯುವವರೆಗೂ ಅದರ ಹೆಜ್ಜೆಗಳನ್ನು ಬರೆದಿಡುವ ತಂತ್ರಾಂಶ. ದೂರಿನಲ್ಲಿ ರೋಗಿಗಳ ಹೆಸರು ಬರಬಹುದಾದ್ದರಿಂದ ಹೊರಗಿನ ಕಂಪನಿಯ ಸೇವೆ ಬೇಡವೆಂದೂ, ಉಚಿತವಾಗಿ ಸಿಗುವ ಮುಕ್ತ ತಂತ್ರಾಂಶವನ್ನು ನಮ್ಮದೇ ಸರ್ವರಿನಲ್ಲಿ ಇಡೋಣವೆಂದೂ ತೀರ್ಮಾನವಾಯಿತು.

ಮಾರ್ಚ್ ತಿಂಗಳಲ್ಲಿ ಒಂದು ವಾರ ಕೂತು ಅದನ್ನು ಇನ್‌ಸ್ಟಾಲ್ ಮಾಡಿದೆ. ಅದರಲ್ಲಿ ಮುಖ್ಯವಾಗಿ ಮೂರು ಭಾಗಗಳಿದ್ದವು. ದೂರುಗಳು ಉಳಿಯುವ ಡೇಟಾಬೇಸ್ ಒಂದು. ನರ್ಸುಗಳಿಗೆ ಪರದೆಯ ಮೇಲೆ ಕಾಣುವ ಪುಟ ಇನ್ನೊಂದು. ಮೂರನೆಯದಕ್ಕೆ ವರ್ಕರ್ ಎನ್ನುತ್ತಾರೆ. ಅದು ಯಾರಿಗೂ ಕಾಣುವುದಿಲ್ಲ. ಹೊಸ ದೂರು ಬಂದೊಡನೆ ಸಂಬಂಧಪಟ್ಟವರಿಗೆ ಈಮೇಲ್ ಕಳಿಸುವುದು ಅದರ ಕೆಲಸ. ಮೊದಲೆರಡು ಭಾಗಗಳು ಸರ್ವರ್ ಆನ್ ಆದಾಗ ತಾವಾಗಿಯೇ ಶುರುವಾಗುವಂತೆ ಮಾಡಿದೆ. ವರ್ಕರನ್ನು ಮಾತ್ರ ಪರೀಕ್ಷೆಗೆಂದು ಕೈಯಿಂದಲೇ ಒಂದು ಕಮಾಂಡ್ ಕೊಟ್ಟು ಓಡಿಸಿದೆ. ಮೇಲ್ ಹೋಯಿತು. ಸುಧಾಕರರು ಕಾರ್ಕಳದಿಂದಲೇ, “ಬಂತು ಮೇಡಂ” ಎಂದರು. ಅದನ್ನೂ ತಾನಾಗಿಯೇ ಶುರುವಾಗುವಂತೆ ಮಾಡಬೇಕು ಎಂದು ನನ್ನ ಡೈರಿಯಲ್ಲಿ ಬರೆದುಕೊಂಡೆ. ಮರುದಿನ ಉಡುಪಿ ಕೇಂದ್ರದ ಪ್ರಿಂಟರ್ ಕೈಕೊಟ್ಟಿತು, ಅಲ್ಲಿಗೆ ಹೋದೆ. ಡೈರಿಯ ಆ ಸಾಲು ಹಾಗೆಯೇ ಉಳಿಯಿತು.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ದೂರು ಬರೆದು ಗುಂಡಿ ಒತ್ತಿದಾಗ ಪರದೆಯ ಮೇಲೆ ಇಂಗ್ಲಿಷಿನಲ್ಲಿ ‘ಸೇವ್ ಆಗಿದೆ’ ಎಂದಷ್ಟೇ ಬರುತ್ತಿತ್ತು. ನರ್ಸುಗಳಿಗೆ ಧೈರ್ಯವಾಗಲಿ ಎಂದು ಅದನ್ನು ತೆಗೆದು, “ನಿಮ್ಮ ದೂರು ದಾಖಲಾಗಿದೆ. ಸಂಬಂಧಪಟ್ಟವರಿಗೆ ತಿಳಿಸಲಾಗಿದೆ” ಎಂದು ಕನ್ನಡದಲ್ಲಿ ಹಾಕಿದೆ. ಮೇಲ್ ಹೋಗಲಿ, ಹೋಗದಿರಲಿ, ಆ ಎರಡು ವಾಕ್ಯ ಬರುತ್ತಿದ್ದವು. ಆಗ ಅದು ನನಗೆ ಹೊಳೆಯಲಿಲ್ಲ.

ಕಾಪು ಕೇಂದ್ರದಲ್ಲಿ ತರಬೇತಿ ಕೊಡಲು ಹೋದ ದಿನ ನೆನಪಿದೆ. ಅಲ್ಲಿ ಐದು ಯಂತ್ರಗಳು. ಜೆಸಿಂತಾ ಸಿಸ್ಟರ್ ಅಲ್ಲಿನ ಮುಖ್ಯ ನರ್ಸ್, ಐವತ್ತು ದಾಟಿದವರು, ಮಾತು ಕಡಿಮೆ. ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದರು.

“ಫೋನ್ ಮಾಡಿದರೆ ಸುಧಾಕರ ಹೂಂ ಅಂತಾರೆ, ಗೊತ್ತಾಗ್ತದೆ. ಇದರಲ್ಲಿ ಅವರು ನೋಡಿದ್ದಾರೆ ಅಂತ ನಮಗೆ ಹೇಗೆ ಗೊತ್ತಾಗುವುದು ಮೇಡಂ?” ಎಂದು ಕೇಳಿದರು.

“ಇಲ್ಲಿ ತೋರಿಸ್ತದಲ್ಲ ಸಿಸ್ಟರ್, ತಿಳಿಸಲಾಗಿದೆ ಅಂತ,” ಎಂದೆ.

ಪಕ್ಕದ ಮಂಚದಲ್ಲಿ ಡಯಾಲಿಸಿಸ್ ನಡೆಯುತ್ತಿದ್ದ ಹೆಂಗಸೊಬ್ಬರು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಹೆಜಮಾಡಿಯ ಗುಲಾಬಿಯಕ್ಕ. ಒಣಮೀನು ಮಾರುತ್ತಿದ್ದವರು, ಮೂರು ವರ್ಷದಿಂದ ವಾರಕ್ಕೆ ಮೂರು ಸಲ ತಮ್ಮನಾದ ಸದಾನಂದನ ರಿಕ್ಷಾದಲ್ಲಿ ಬರುತ್ತಿದ್ದರು. “ಎಂತ ಮೇಡಂ, ಇದರಲ್ಲಿ ಬರೆದರೆ ಆ ಟಿ.ವಿ. ಸರಿಯಾಗ್ತದಾ? ನಾಲ್ಕು ಗಂಟೆ ಗೋಡೆ ನೋಡಿ ನೋಡಿ ನನಗೆ ಸಾಕಾಗಿದೆ ಮಾರಾಯ್ರೆ,” ಎಂದರು. ಎಲ್ಲರೂ ನಕ್ಕೆವು. ಕಾಪು ಕೇಂದ್ರದ ಮೊದಲ ದೂರು ಆ ಟಿ.ವಿ.ಯದ್ದೇ. ಎರಡನೇ ದಿನ ಸುಧಾಕರರು ಬಂದು ಸರಿ ಮಾಡಿದರು. ಅಂದಿನಿಂದ ಜೆಸಿಂತಾ ಸಿಸ್ಟರಿಗೂ ವ್ಯವಸ್ಥೆಯ ಮೇಲೆ ನಂಬಿಕೆ ಬಂತು.

ಆದರೂ ಉಳಿದ ಕೇಂದ್ರಗಳಲ್ಲಿ ಕೆಲವರು ಫೋನನ್ನೇ ಹಿಡಿದುಕೊಂಡಿದ್ದರು. ಹೀಗಾದರೆ ದಾಖಲೆ ಪೂರ್ತಿಯಾಗುವುದಿಲ್ಲ ಎಂದು ಆಡಳಿತಾಧಿಕಾರಿಗಳಲ್ಲಿ ಹೇಳಿ ಒಂದು ಸುತ್ತೋಲೆ ಹೊರಡಿಸಿದೆ: ತಾಂತ್ರಿಕ ದೂರುಗಳನ್ನು ಇನ್ನು ಮುಂದೆ ವ್ಯವಸ್ಥೆಯಲ್ಲಿ ಮಾತ್ರ ದಾಖಲಿಸತಕ್ಕದ್ದು, ದೂರವಾಣಿ ಕರೆ ಮಾಡತಕ್ಕದ್ದಲ್ಲ. ಸಹಿ ಅವರದ್ದು, ವಾಕ್ಯ ನನ್ನದು.

ಮೇ ತಿಂಗಳ ಒಂದು ಭಾನುವಾರ ಸಂಜೆ ಗುಡುಗು ಸಿಡಿಲಿನ ಮಳೆ ಬಂತು. ಮಣಿಪಾಲದಲ್ಲಿ ಎರಡು ಗಂಟೆ ಕರೆಂಟ್ ಇರಲಿಲ್ಲ. ಯು.ಪಿ.ಎಸ್. ಬ್ಯಾಟರಿ ಅಷ್ಟು ಹೊತ್ತು ತಡೆಯದೆ ಸರ್ವರ್ ಆಫ್ ಆಗಿ, ಕರೆಂಟ್ ಬಂದ ಮೇಲೆ ತಾನಾಗಿ ಆನ್ ಆಯಿತು. ಸೋಮವಾರ ಬೆಳಿಗ್ಗೆ ನಾನು ಪುಟ ತೆರೆದು ನೋಡಿದೆ. ಹಳೆಯ ದೂರುಗಳೆಲ್ಲ ಇದ್ದವು. ಸದ್ಯ, ಏನೂ ಆಗಿಲ್ಲ ಎಂದುಕೊಂಡು ಚಹಾ ಕುಡಿಯಲು ಹೋದೆ. ಡೇಟಾಬೇಸ್ ಓಡುತ್ತಿತ್ತು, ಪುಟ ಓಡುತ್ತಿತ್ತು. ವರ್ಕರ್ ನಿಂತಿತ್ತು.

ಅದೇ ವಾರ ಕಾಪು ಕೇಂದ್ರದ ಬಾವಿಯಲ್ಲಿ ಉಪ್ಪುನೀರು ಕಾಣಿಸಿಕೊಂಡು ಟ್ಯಾಂಕರ್ ನೀರು ತರಿಸತೊಡಗಿದ್ದರು. ಟ್ಯಾಂಕರಿನವರು ನೀರಿಗೆ ಬ್ಲೀಚಿಂಗ್ ಪುಡಿ ಹೆಚ್ಚೇ ಹಾಕುತ್ತಿದ್ದರು. ಒಂದು ಸಲದ ಡಯಾಲಿಸಿಸಿಗೆ ಸುಮಾರು ನೂರಿಪ್ಪತ್ತು ಲೀಟರ್ ನೀರು ಬೇಕು. ರೋಗಿಯ ರಕ್ತಕ್ಕೂ ಆ ನೀರಿಗೂ ನಡುವೆ ಇರುವುದು ಒಂದು ತೆಳ್ಳನೆಯ ಪೊರೆ ಮಾತ್ರ. ನೀರಿನ ಕ್ಲೋರಿನ್ನನ್ನು ಘಟಕದಲ್ಲಿರುವ ಇದ್ದಿಲಿನ ಫಿಲ್ಟರ್ ಹೀರಿಕೊಳ್ಳಬೇಕು. ಆ ಫಿಲ್ಟರ್ ಸೋತರೆ ಕ್ಲೋರಿನ್ ರಕ್ತಕ್ಕೆ ತಲುಪಿ ಕೆಂಪು ಕಣಗಳನ್ನು ಒಡೆಯುತ್ತದೆ. ಹಾಗಾಗಿ ದಿನಾ ಬೆಳಿಗ್ಗೆ ಒಂದು ಕಾಗದದ ಪಟ್ಟಿಯನ್ನು ನೀರಿನಲ್ಲಿ ಅದ್ದಿ, ಬಣ್ಣ ನೋಡಿ ಪರೀಕ್ಷಿಸುವುದು ಕ್ರಮ.

ಗುರುವಾರ ಜೆಸಿಂತಾ ಸಿಸ್ಟರ್ ಬರೆದರು: “ಕ್ಲೋರಿನ್ ಪರೀಕ್ಷೆಯ ಪಟ್ಟಿ ಮುಗಿದಿದೆ. ಕಳಿಸಿ.” ಮುಂದಿನ ಮಂಗಳವಾರ: “ಪಟ್ಟಿ ಬರಲಿಲ್ಲ. ಟ್ಯಾಂಕರ್ ನೀರಿಗೆ ವಾಸನೆ ಉಂಟು. ಫಿಲ್ಟರ್ ನೋಡಬೇಕು.” ಬುಧವಾರ: “ಇಬ್ಬರಿಗೆ ಚಳಿ ಬಂದಿದೆ. ದಯವಿಟ್ಟು ಬೇಗ ಬನ್ನಿ.” ಮೂರು ಸಲವೂ ಪರದೆ ಅವರಿಗೆ, ತಿಳಿಸಲಾಗಿದೆ ಎಂದು ಹೇಳಿತು.

ಸುಧಾಕರರು ಆ ದಿನಗಳಲ್ಲಿ ಕಾರ್ಕಳದಲ್ಲಿ ಹೊಸ ಯಂತ್ರಗಳನ್ನು ಕೂರಿಸುತ್ತಿದ್ದರು. ಒಂದೂ ಮೇಲ್ ಬರಲಿಲ್ಲ. ಈ ವಾರ ಎಲ್ಲ ಕಡೆ ಆರಾಮ ಉಂಟು ಎಂದು ಖುಷಿಪಟ್ಟಿದ್ದರಂತೆ.

ಮರುದಿನ, ಗುರುವಾರ, ಗುಲಾಬಿಯಕ್ಕನಿಗೆ ಡಯಾಲಿಸಿಸ್ ಶುರುವಾಗಿ ಎರಡು ಗಂಟೆ ಕಳೆದಾಗ ಉಸಿರು ಕಟ್ಟಿತು. ಸಿಸ್ಟರ್ ಕೂಡಲೇ ಎಲ್ಲ ಯಂತ್ರಗಳನ್ನು ನಿಲ್ಲಿಸಿ ಆಂಬುಲೆನ್ಸ್ ತರಿಸಿದರು. ಉಡುಪಿಯ ಆಸ್ಪತ್ರೆಯಲ್ಲಿ ಗುಲಾಬಿಯಕ್ಕ ಶುಕ್ರವಾರ ಬೆಳಿಗ್ಗೆ ತೀರಿಕೊಂಡರು. ರಕ್ತಕಣಗಳು ಒಡೆದದ್ದು ಪರೀಕ್ಷೆಯಲ್ಲಿ ಕಂಡಿತ್ತು. ಹೃದಯವೂ ಮೊದಲೇ ದುರ್ಬಲವಾಗಿತ್ತು, ಇಂಥದ್ದೇ ಕಾರಣ ಎಂದು ಹೇಳಲಾಗದು ಎಂದರು ವೈದ್ಯರು.

ಶುಕ್ರವಾರ ಮಧ್ಯಾಹ್ನ ಆಡಳಿತಾಧಿಕಾರಿಗಳು ಜೆಸಿಂತಾ ಸಿಸ್ಟರನ್ನೂ ಸುಧಾಕರರನ್ನೂ ಮಣಿಪಾಲಕ್ಕೆ ಕರೆಸಿದರು. ನನ್ನನ್ನೂ ಕೂರಿಸಿಕೊಂಡರು.

“ನನಗೆ ಯಾರೂ ಹೇಳಲಿಲ್ಲ ಸರ್. ಒಂದು ಮೇಲ್ ಇಲ್ಲ, ಒಂದು ಫೋನ್ ಇಲ್ಲ,” ಎಂದು ಸುಧಾಕರರು ಮೊಬೈಲ್ ತೋರಿಸಿದರು.

“ನಾನು ಹಾಕಿದ್ದೇನೆ. ಮೂರು ಸಲ ಹಾಕಿದ್ದೇನೆ,” ಎಂದರು ಸಿಸ್ಟರ್.

“ಹಾಕಿದ್ದರೆ ಮೇಲ್ ಎಲ್ಲಿಗೆ ಹೋಯಿತು? ವಸಂತಿಯವರೇ, ಇವರು ಸರಿಯಾಗಿ ಸಬ್ಮಿಟ್ ಮಾಡಿದ್ದಾರಾ ಇಲ್ಲವಾ, ನೋಡಿ ಹೇಳಿ.” ಆಡಳಿತಾಧಿಕಾರಿಗಳು ನನ್ನ ಕಡೆ ತಿರುಗಿದರು. ಅವರು ಆಗಲೇ ಸಿಸ್ಟರಿಗೆ ಕೊಡುವ ನೋಟಿಸನ್ನು ಟೈಪ್ ಮಾಡಿಸಿದ್ದರು. ನಿರ್ಲಕ್ಷ್ಯ ಎಂಬ ಪದ ನನಗೆ ತಲೆಕೆಳಗಾಗಿ ಕಂಡಿತು.

ನಾನು ಪ್ಲೈವುಡ್ ಗೋಡೆಯ ಆಚೆ ಹೋಗಿ ಸರ್ವರಿನ ಮುಂದೆ ಕೂತೆ. ಎರಡು ನಿಮಿಷವೂ ಬೇಕಾಗಲಿಲ್ಲ. ಕಳುಹಿಸಬೇಕಾದ ಮೇಲ್‌ಗಳ ಸಾಲಿನಲ್ಲಿ ನಲವತ್ತಮೂರು ಕಾಯುತ್ತಿದ್ದವು. ಅವುಗಳಲ್ಲಿ ಮೂರು ಕಾಪುವಿನವು. ವರ್ಕರ್ ಕೊನೆಯ ಸಲ ಕೆಲಸ ಮಾಡಿದ್ದು ಆ ಭಾನುವಾರ, ಕರೆಂಟ್ ಹೋಗುವ ಮೊದಲು.

ಆ ಸಾಲನ್ನು ಅಳಿಸಲು ಒಂದೇ ಒಂದು ಕಮಾಂಡ್ ಸಾಕಿತ್ತು. ಟ್ರಸ್ಟಿನಲ್ಲಿ ಅದನ್ನು ಪತ್ತೆ ಮಾಡಬಲ್ಲವರು ಬೇರೆ ಯಾರೂ ಇರಲಿಲ್ಲ. ಈ ಯೋಚನೆ ನನಗೆ ಬರಲೇ ಇಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಅದು ಬಂತು, ಸ್ವಲ್ಪ ಹೊತ್ತು ಇತ್ತು. ಹಲಗೆಯ ಆಚೆ ಜೆಸಿಂತಾ ಸಿಸ್ಟರ್ ಮೂಗು ಒರೆಸಿಕೊಳ್ಳುವುದು ಕೇಳಿಸುತ್ತಿತ್ತು.

ಪರದೆಯಲ್ಲಿದ್ದುದನ್ನೆಲ್ಲ ಪ್ರಿಂಟ್ ತೆಗೆದೆ. ವರ್ಕರನ್ನು ಶುರುಮಾಡಿದರೆ ಅಷ್ಟೂ ಮೇಲ್‌ಗಳು ಒಟ್ಟಿಗೆ ಸುಧಾಕರರ ಮೊಬೈಲಿಗೆ ಬೀಳುತ್ತವೆ ಎಂದು ಆಮೇಲೆ ಹೊಳೆಯಿತು. ಹೊರಗೆ ಬಂದು ಮೊದಲು ಅವರಿಗೇ ಹೇಳಿದೆ: “ಸುಧಾಕರರೇ, ಈಗ ನಿಮಗೆ ಸಿಸ್ಟರ್ ಬರೆದದ್ದೆಲ್ಲ ಬರ್ತದೆ. ತಡವಾದದ್ದು ನಿಮ್ಮಿಂದ ಅಲ್ಲ, ಅವರಿಂದಲೂ ಅಲ್ಲ. ನನ್ನಿಂದ.”

ಮತ್ತೆ ಒಳಗೆ ಹೋಗಿ ವರ್ಕರನ್ನು ಶುರುಮಾಡಿದೆ. ಅವರು ಅಲ್ಲಿಯೇ ಕೂತು ಓದಿದರು. ‘ದಯವಿಟ್ಟು ಬೇಗ ಬನ್ನಿ’ ಎಂಬಲ್ಲಿಗೆ ಬಂದಾಗ ಮೊಬೈಲನ್ನು ಮೇಜಿನ ಮೇಲೆ ಮಗುಚಿಟ್ಟು, “ಕಾರ್ಕಳದಿಂದ ಕಾಪುವಿಗೆ ಒಂದು ಗಂಟೆ ದಾರಿ ಮೇಡಂ” ಎಂದರು.

ಆಡಳಿತಾಧಿಕಾರಿಗಳು ಪ್ರಿಂಟನ್ನು ಎರಡು ಸಲ ಓದಿ, “ಇದನ್ನು ಬರೆದು ಕೊಡಬೇಡಿ, ಮಾತಿನಲ್ಲಿಯೇ ಮುಗಿಸುವ,” ಎಂದರು. ನಾನು ಬರೆದು ಕೊಟ್ಟೆ. ಒಂದೂವರೆ ಪುಟ. ಡೈರಿಯಲ್ಲಿ ಉಳಿದುಹೋದ ಸಾಲನ್ನೂ ಸುತ್ತೋಲೆಯ ವಿಷಯವನ್ನೂ ಸೇರಿಸಿದೆ. ಸಿಸ್ಟರಿಗೆ ಬರೆದಿದ್ದ ನೋಟಿಸ್ ರದ್ದಾಯಿತು. ನನಗೆ ಒಂದು ಎಚ್ಚರಿಕೆ ಪತ್ರ ಬಂತು. ನನ್ನ ಕೆಲಸ ಉಳಿಯಿತು.

ಜೆಸಿಂತಾ ಸಿಸ್ಟರ್ ಮಾತ್ರ ತಿಂಗಳೊಳಗೆ ರಾಜೀನಾಮೆ ಕೊಟ್ಟರು. ಬೇಡವೆಂದು ಹೇಳಲು ಕಾಪುವಿಗೆ ಹೋದೆ. ಅವರು ಸಾಮಾನು ಕಟ್ಟುತ್ತಿದ್ದರು. “ನಿಮ್ಮ ಮೇಲೆ ನನಗೆ ಕೋಪ ಇಲ್ಲ ಮೇಡಂ,” ಎಂದರು. “ಆದರೆ ಸುಧಾಕರರ ನಂಬರ್ ನನ್ನ ಮೊಬೈಲಿನಲ್ಲಿ ಇತ್ತು. ಸುತ್ತೋಲೆ ಇದ್ದರೆ ಇರಲಿ, ಒಂದು ಫೋನ್ ಮಾಡಬಹುದಿತ್ತು, ಅಲ್ವಾ?” ಅದಕ್ಕೆ ಉತ್ತರ ಕೊಡಬೇಕಾದವಳು ನಾನು.

ಅಲ್ಲಿಂದ ನಾವಿಬ್ಬರೂ ಹೆಜಮಾಡಿಗೆ, ಗುಲಾಬಿಯಕ್ಕನ ಮನೆಗೆ ಹೋದೆವು. ಸದಾನಂದ ಜಗಲಿಯಲ್ಲಿ ಕುರ್ಚಿ ಹಾಕಿ, ನೀರು ಕೊಟ್ಟು, ನಾನು ಹೇಳಿದ್ದನ್ನೆಲ್ಲ ಕೊನೆಯವರೆಗೂ ಕೇಳಿದರು. ಸರ್ವರ್, ವರ್ಕರ್ ಎಲ್ಲ ಅವರಿಗೆ ಎಷ್ಟು ಅರ್ಥವಾಯಿತೋ ತಿಳಿಯದು.

“ಅಂದರೆ ಸಿಸ್ಟರ್ ಹೇಳಿದ್ದು ಯಾರಿಗೂ ಕೇಳಲಿಲ್ಲ,” ಎಂದರು.

“ಹೌದು.”

“ಹೇಳಿದ್ದು ಒಳ್ಳೆಯದಾಯಿತು. ನಾನು ಇಷ್ಟು ದಿನ ಸಿಸ್ಟರಿಗೆ ಶಾಪ ಹಾಕ್ತಾ ಇದ್ದೆ.” ಎದ್ದು ನೀರಿನ ಲೋಟಗಳನ್ನು ಎತ್ತಿಕೊಂಡರು. “ಆದರೆ ಮೇಡಂ, ಇನ್ನು ನೀವು ಇಲ್ಲಿಗೆ ಬರುವುದು ಬೇಡ.”

ನಾನು ಮತ್ತೆ ಹೋಗಲಿಲ್ಲ.

ಗುಲಾಬಿಯಕ್ಕ ತೀರಿಕೊಂಡ ಮರುವಾರವೇ ಸುತ್ತೋಲೆಯನ್ನು ಹಿಂದಕ್ಕೆ ಪಡೆದಿದ್ದರು. ವರ್ಕರ್ ತಾನಾಗಿ ಶುರುವಾಗುವಂತೆ ಮಾಡಿದೆ. ಅದು ನಿಂತರೆ ನನ್ನ ಮೊಬೈಲಿಗೆ ಎಸ್ಸೆಮ್ಮೆಸ್ ಬರುವಂತೆಯೂ, ತಂತ್ರಜ್ಞರು ದೂರನ್ನು ತೆರೆದು ನೋಡಿದ ಮೇಲಷ್ಟೇ ನರ್ಸಿನ ಪರದೆಯಲ್ಲಿ ‘ನೋಡಿದ್ದಾರೆ’ ಎಂದು ಬರುವಂತೆಯೂ ಮಾಡಿದೆ. ಇವೆಲ್ಲವೂ ಸೇರಿ ಒಂದು ಮಧ್ಯಾಹ್ನದ ಕೆಲಸ. ಅದು ಮುಗಿದಾಗ ಸಮಾಧಾನವೇನೂ ಆಗಲಿಲ್ಲ. ಇಷ್ಟು ಸುಲಭವಿತ್ತಲ್ಲ ಎಂಬುದೇ ಎದೆಗೆ ಭಾರವಾಯಿತು.

ಈಗ ನಾನು ಆ ಟ್ರಸ್ಟಿನಲ್ಲಿ ಇಲ್ಲ. ಆಮೇಲೆ ಬೇರೆ ಬೇರೆ ಕಡೆ ಇಂಥ ಹತ್ತಾರು ವ್ಯವಸ್ಥೆಗಳನ್ನು ಕೂರಿಸಿದ್ದೇನೆ. ಕೂರಿಸುವಾಗ ನಾವು ನೋಡುವುದು ನಮ್ಮ ಮುಂದಿನ ಯಂತ್ರವನ್ನು. ಅದು ಓಡಿದರೆ ಕೆಲಸ ಮುಗಿಯಿತು ಎಂದು ಎದ್ದುಬಿಡುತ್ತೇವೆ. ಆದರೆ ಕೆಲಸ ಮುಗಿಯುವುದು ಒಬ್ಬರ ಮಾತು ಇನ್ನೊಬ್ಬರಿಗೆ ತಲುಪಿದಾಗ, ಅದೂ ಎಲ್ಲವೂ ಒಮ್ಮೆ ಕೆಟ್ಟು ನಿಂತ ಮೇಲೂ ತಲುಪಿದಾಗ. ಈ ವೃತ್ತಿ ನನಗೆ ಕಲಿಸಿದ್ದು ಇಷ್ಟೇ, ಕಲಿತದ್ದು ತಡವಾಗಿ. ಈಗ ಎಲ್ಲವನ್ನೂ ಹೊಂದಿಸಿದ ಮೇಲೆ ಸರ್ವರಿನ ಪ್ಲಗ್ಗನ್ನು ನಾನೇ ಕಿತ್ತುಬಿಡುತ್ತೇನೆ. ನೋಡುತ್ತಿರುವವರು ಗಾಬರಿಯಾಗುತ್ತಾರೆ. ಮತ್ತೆ ಚುಚ್ಚಿ, ಏನನ್ನೂ ಮುಟ್ಟದೆ ಕಾಯುತ್ತೇನೆ. ದೂರದ ಊರಿನಲ್ಲಿರುವ ಯಾರಿಂದಲಾದರೂ ಒಂದು ದೂರು ಬರೆಸಿ, ಅದು ತಲುಪಬೇಕಾದವರಿಗೆ ಫೋನ್ ಮಾಡಿ, ತಲುಪಿತೆಂದು ಅವರ ಬಾಯಿಂದಲೇ ಕೇಳಿದ ಮೇಲೆ ಏಳುತ್ತೇನೆ. ಅಷ್ಟಕ್ಕೆ ನಾಲ್ಕು ನಿಮಿಷ ಹಿಡಿಯುತ್ತದೆ.