ಕಲ್ಲಿಲ್ಲದ ಅಕ್ಕಿ

ಇವತ್ತು ನಮ್ಮೆಜಮಾನ್ರು ನನಗೆ ಉಪಕಾರ ಮಾಡೋಕೆ ಹೋಗಿ ನನ್ನ ನೆಮ್ಮದಿಗೇ ಕಲ್ಲು ಹಾಕೋದ್ರಲ್ಲಿದ್ರು ಕಣ್ರೇ.

ರಾಜಾಜಿನಗರದ ಈ ಹೊಸ ಮನೇಲಿ ನಾನು ಸುಮ್ನೆ ಕೂತ್ರೆ ಯಾರಿಗೂ ತಡ್ಕೊಳ್ಳೋಕಾಗಲ್ಲ. ಒಬ್ರು ಕಾಫಿ ಅಂತಾರೆ, ಇನ್ನೊಬ್ರು ಅಂಗಿ ಗುಂಡಿ ಕಿತ್ತೋಗಿದೆ ಅಂತಾರೆ. ಮೊರ ಹಿಡಿದು ಅಕ್ಕಿ ಆರಿಸ್ತಾ ಕೂತ್ರೆ ಮಾತ್ರ ಯಾರೂ ಕರೆಯಲ್ಲ. ಅದಕ್ಕೇ ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ, ನಿನ್ನೆ ಆರಿಸಿಟ್ಟ ಅಕ್ಕೀನೇ ಇವತ್ತೂ ಆರಿಸ್ತೀನಿ. ತಲೆ ತಣ್ಣಗಾಗತ್ತೆ.

ಇವತ್ತು ಇವರು ಬಿನ್ನಿಪೇಟೆ ಕಡೆಯಿಂದ ಬರ್ತಾ ಸೈಕಲ್ ಮೇಲೆ ಒಂದು ಮೂಟೆ ತಂದು ಇಳಿಸಿದ್ರು.

"ದಿನಾ ಮೊರ ಹಿಡಿದು ಕಣ್ಣು ಹಾಳು ಮಾಡ್ಕೋತೀಯ. ಈ ಅಕ್ಕೀಲಿ ಹುಡುಕಿದ್ರೂ ಒಂದು ಕಲ್ಲು ಸಿಗಲ್ಲ. ಇನ್ಮೇಲೆ ನಿನಗೆ ಆ ಕಷ್ಟ ಇಲ್ಲ" ಅಂದ್ರು.

ಬೇಡ ಅಂತ ಯಾವ ಬಾಯಲ್ಲಿ ಹೇಳ್ಲಿ?

ಮೂಲೇಲಿ ಬತ್ತಿ ಹೊಸೀತಿದ್ದ ನಮ್ಮತ್ತೆ ತಲೆ ಎತ್ತದೇನೇ, "ಅಂಗಡಿಯೋನ ಮಾತು ನಂಬ್ಕೊಂಡು ಬಂದ್ಯೇನೋ? ನಾಳೆ ನನ್ನ ಹಲ್ಲು ಮುರಿದ್ರೆ ಅವನು ಕಟ್ಟಿಸಿ ಕೊಡ್ತಾನಾ? ಅವಳು ಆರಿಸ್ಲಿ ಬಿಡು" ಅಂದ್ರು.

ಇವರು ಮುಖ ಸಣ್ಣ ಮಾಡ್ಕೊಂಡು ಒಳಗೆ ಹೋದ್ರು. ನಾನು ಮೊರ ಎಳ್ಕೊಂಡು ಕೂತು ಅತ್ತೆ ಕಡೆ ನೋಡಿದೆ. ಅವರು ನನ್ನ ನೋಡ್ಲಿಲ್ಲ. ಮಡಿಲಲ್ಲಿ ಬೆಟ್ಟದಷ್ಟು ಬತ್ತಿ.

ನಮ್ಮನೆಗೆ ಕರೆಂಟ್ ಬಂದು ವರ್ಷ ಆಯ್ತು. ದೇವರ ಮುಂದೆ ದಿನಾ ಉರಿಯೋದು ಎರಡೇ ಬತ್ತಿ. ಆದ್ರೂ ಅಟ್ಟದ ಮೇಲೆ ಡಬ್ಬಗಟ್ಟಲೆ ಬತ್ತಿ ಯಾಕೆ ತುಂಬಿದೆ ಅಂತ ಇವತ್ತು ಅರ್ಥ ಆಯ್ತು.