ಅಗಸಿಯೊಳಗಿನ ಕ್ಲಚ್ಚು

ಕಾರು ನನ್ನದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ನಡೆದದ್ದರಲ್ಲಿ ಯಾರೂ ಈ ಮಾತನ್ನು ನೆನಪಿಟ್ಟುಕೊಳ್ಳಲಿಲ್ಲ. ನನ್ನ ಪಗಾರದಲ್ಲಿ ತೆಗೆದುಕೊಂಡದ್ದು, ನನ್ನ ಹೆಸರಿನಲ್ಲಿರುವುದು, ಬಣ್ಣ ಆರಿಸಿದವಳೂ ನಾನೇ. ಆದರೆ ಗೋಕಾಕದ ಶೋರೂಮಿನವರು ಕೀಲಿಯನ್ನು ತಾಟಿನಲ್ಲಿಟ್ಟು ಹೂವು ಹಾಕಿ ತಂದಾಗ ನೆಟ್ಟಗೆ ನಮ್ಮ ಯಜಮಾನರ ಕೈಗೆ ಕೊಟ್ಟು ಫೋಟೋ ಹೊಡೆದರು. ನಾನು ಬಾಜೂಕ್ಕೆ ನಿಂತು ನಕ್ಕೆ. ಆ ಫೋಟೋ ಈಗಲೂ ಇದೆ. ಅದರಲ್ಲಿ ನಾನು ಯಾರದೋ ಮದುವೆಗೆ ಬಂದ ಬೀಗತಿಯ ಹಾಗೆ ಕಾಣುತ್ತೇನೆ.

ನಮ್ಮ ಮನೆ ಮೂಡಲಗಿಯಲ್ಲಿ. ನಾನು ಕಲ್ಲೋಳಿಯ ಆಚೆಗಿನ ಒಂದು ಹಳ್ಳಿಯಲ್ಲಿ ಮಾಸ್ತರಿಕೆ ಮಾಡುತ್ತೇನೆ. ವರ್ಷಗಟ್ಟಲೆ ಬಸ್ಸಿನ ಹಿಂದೆ ಓಡಿ ಮೊಣಕಾಲು ಸವೆದ ಮೇಲೆ, ನಲವತ್ತು ದಾಟಿದ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತೆ. ಕಲಿಸಿದವರು ದಿನಾಲೂ ಒಂದೇ ಮಾತು ಹೇಳುತ್ತಿದ್ದರು: "ಗೇರ್ ಬದಲ ಮಾಡುಮುಂದ ಅಷ್ಟ ಕ್ಲಚ್ ಮುಟ್ರಿ ಅಕ್ಕಾರ. ಉಳದ ಹೊತ್ತಿನ್ಯಾಗ ಆ ಕಾಲು ನೆಲದ ಮ್ಯಾಲ ಇರಲಿ." ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸುವವಳು ನಾನು. ಹೇಳಿದ್ದನ್ನು ಹೇಳಿದ ಹಾಗೆ ಮಾಡುವುದು ನನಗೆ ಗೊತ್ತು.

ಯಜಮಾನರಿಗೆ ಮೂಡಲಗಿಯಲ್ಲೇ ಬೀಜ-ಗೊಬ್ಬರದ ಅಂಗಡಿ. ಚಿಕ್ಕಂದಿನಿಂದ ಟ್ರ್ಯಾಕ್ಟರ್ ಹೊಡೆದು ಬೆಳೆದವರು. ಈಗ ಅವರಿಗೆ ಮೋಟಾರ್‌ಸೈಕಲ್ಲು ಸಾಕು, ಕಾರಿನ ಗೋಜಿಗೇ ಬರುವುದಿಲ್ಲ. ಆದರೆ ಭಾನುವಾರ, ಹಬ್ಬ ಹುಣ್ಣಿಮೆ ಅಂತ ಹುಕ್ಕೇರಿ ತಾಲೂಕಿನಲ್ಲಿರುವ ಅವರ ಊರಿಗೆ ಹೋಗುವಾಗ ಒಂದು ಪದ್ಧತಿ ಬಿದ್ದಿತ್ತು. ಗೋಕಾಕ, ಘಟಪ್ರಭಾ ದಾಟಿ ಆ ಊರಿನ ಅಗಸಿಯ ತನಕ ನಾನು ಓಡಿಸುವುದು. ಅಗಸಿ ಎಂದರೆ ಊರಬಾಗಿಲು. ಈಗ ಬಾಗಿಲೇನೂ ಇಲ್ಲ, ಎರಡು ಕಲ್ಲುಕಂಬ ನಿಂತಿವೆ ಅಷ್ಟೆ. ಅಲ್ಲಿ ಗಾಡಿ ನಿಲ್ಲಿಸಿ ನಾನು ಇಳಿದು ಎಡಕ್ಕೆ ಬರುವುದು, ಅವರು ಇಳಿದು ಬಲಕ್ಕೆ ಹೋಗುವುದು. ನಾನು ತಲೆಯ ಮೇಲೆ ಸೆರಗು ಎಳೆದುಕೊಳ್ಳುವುದು. ಗಂಡನನ್ನು ಬಾಜೂಕ್ಕೆ ಕೂರಿಸಿಕೊಂಡು ಸೊಸೆ ಗಾಡಿ ಹೊಡೆಯುತ್ತ ಅತ್ತೆಯ ಬಾಗಿಲಿಗೆ ಬಂದರೆ ಊರು ಏನಂದೀತು? ಇದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಮೊದಲನೆಯ ಸಲ ಅವರು "ಇಲ್ಲೆ ನಿಂದರಸು" ಎಂದರು, ನಾನು ನಿಲ್ಲಿಸಿದೆ, ಅದೇ ರೂಢಿಯಾಯಿತು.

ವರ್ಷ ತುಂಬುವ ಮೊದಲೇ ಕ್ಲಚ್ಚು ಹೋಯಿತು. ಕಬ್ಬಿನ ಹಂಗಾಮು ಜೋರಾಗಿ ನಡೆದಿತ್ತು. ಒಂದು ಮುಂಜಾನೆ ಶಾಲೆಗೆ ಹೊರಟವಳ ಮುಂದೆ ಎರಡು ಟ್ರೇಲರ್ ಕಬ್ಬು ಹೇರಿದ ಟ್ರ್ಯಾಕ್ಟರು. ಅದನ್ನು ದಾಟಬೇಕೆಂದು ಎಕ್ಸಲೇಟರ್ ಒತ್ತಿದರೆ ಇಂಜಿನ್ ಸುಮ್ಮನೆ ಒದರುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಆಮೇಲೆ ಬಟ್ಟೆ ಸೀದ ಹಾಗೆ ವಾಸನೆ ಬಂತು, ರಸ್ತೆಯ ಬದಿಗೆ ನಿಂತೇಬಿಟ್ಟಿತು. ಹಿಂದೆ ಬಂದ ಬೈಕಿನವನೊಬ್ಬ ಒಳಗೆ ಇಣುಕಿ, "ಗಂಡಸರು ಯಾರೂ ಸಂಗಾಟ ಇಲ್ಲೇನ್ರಿ?" ಎಂದ. ಗಾಡಿ ಕೆಟ್ಟದ್ದಕ್ಕೂ ಗಂಡಸರಿಗೂ ಏನು ಸಂಬಂಧ ಎಂದು ಕೇಳಬೇಕೆನಿಸಿತು. ಕೇಳಿಯೂಬಿಟ್ಟೆ. ಅವನು ಬೈಕ್ ಚಾಲೂ ಮಾಡಿಕೊಂಡು ಹೊರಟುಹೋದ.

ಕಾರನ್ನು ಗೋಕಾಕದ ಶೋರೂಮಿಗೆ ಎಳೆಸಿಕೊಂಡು ಹೋದೆವು. ವಾರಂಟಿ ಇನ್ನೂ ಇತ್ತು, ಹಾಗಾಗಿ ನಾನು ನಿಶ್ಚಿಂತಳಾಗಿದ್ದೆ. ಎಂಥ ಹುಚ್ಚಿ ನಾನು. ಅಲ್ಲಿಯ ಸರ್ವಿಸ್ ಅಡ್ವೈಸರ್ ಕುರ್ಚಿ ಕೊಟ್ಟ, ಚಹಾ ಕೊಟ್ಟ, ಆಮೇಲೆ ನನ್ನನ್ನು ದಾಟಿ ಯಜಮಾನರ ಮುಖ ನೋಡಿ ಕೇಳಿದ:

"ಗಾಡಿ ಯಾರ ಓಡಸ್ತಾರ್ರಿ ಸರ?"

"ಅಕಿನ ಓಡಸ್ತಾಳ್ರಿ," ಎಂದರು ಇವರು.

"ಮೇಡಮ್ಮಾರ ಅಷ್ಟ ಏನ್ರಿ?"

"ನಾ ಒಬ್ಬಾಕಿನ," ಎಂದು ನಾನೂ ಜಂಬದಿಂದಲೇ ಹೇಳಿದೆ.

ಅವನ ಮುಖದ ಮೇಲೆ ಒಂದು ಸಣ್ಣ ನಗೆ ಹಾದುಹೋಯಿತು. "ಹಂಗಾದ್ರ ಇದು ವಾರಂಟಿಯೊಳಗ ಬರೂದು ಕಷ್ಟ ಐತ್ರಿ. ಪೆಡಲ್ ಅರ್ಧ ಒತ್ತಿ ಹಾಫ್ ಕ್ಲಚ್ಚಿನ್ಯಾಗ ಓಡಿಸಿದ್ರ ಹಿಂಗ ಆಗತೈತಿ. ಲೇಡೀಸ್ ಭಾಳ ಮಂದಿ ಹಂಗ ಮಾಡತಾರ. ತಪ್ಪ ತಿಳ್ಕೋಬ್ಯಾಡ್ರಿ ಮತ್ತ."

ತಪ್ಪು ತಿಳಿದುಕೊಂಡೆ. ಮೈಯೆಲ್ಲ ಉರಿದುಹೋಯಿತು. "ಗಾಡಿ ಇನ್ನೂ ಬಿಚ್ಚೇ ಇಲ್ಲ, ಆಗಲೇ ನನ್ನ ಕಾಲಿನ ಮ್ಯಾಲ ಹಾಕಿದ್ರಿ? ಬಿಚ್ಚಿ ತೋರಿಸ್ರಿ ಮೊದಲ," ಎಂದೆ. ಬಿಚ್ಚುವುದಕ್ಕೆ ಮ್ಯಾನೇಜರ್ ಒಪ್ಪಬೇಕಂತೆ. ಮ್ಯಾನೇಜರ್ ಊಟಕ್ಕೆ ಹೋಗಿದ್ದರು.

ಅಲ್ಲಿಂದ ಶುರುವಾಯಿತು ನೋಡಿ ನನ್ನ ತಿರುಗಾಟ. ಶಾಲೆ ಬಿಟ್ಟ ಕೂಡಲೇ ಗೋಕಾಕದ ಬಸ್ಸು ಹಿಡಿಯುವುದು, ಶೋರೂಮಿನ ಸೋಫಾದ ಮೇಲೆ ಕೂರುವುದು. ಇವತ್ತು ಕಂಪನಿಗೆ ಫೋಟೋ ಕಳಿಸಿದ್ದೇವೆ, ಮೇಲ್ ಬಂದಿಲ್ಲ. ನಾಳೆ ಮೇಲ್ ಬಂದಿದೆ, ಆದರೆ ಬೇರೆ ಫೋಟೋ ಕೇಳಿದ್ದಾರೆ. ಮರುವಾರ ಬೆಳಗಾವಿಯಿಂದ ಇಂಜಿನಿಯರ್ ಬರಬೇಕು. ಅದರ ಮುಂದಿನ ವಾರ ಇಂಜಿನಿಯರ್ ಬಂದಿದ್ದರು ಮೇಡಂ, ನೀವು ಬರಲಿಲ್ಲವಲ್ಲ. ಗಾಜಿನ ಆಚೆ ನನ್ನ ಕಾರು ಹೊಟ್ಟೆ ಬಿಚ್ಚಿಕೊಂಡು ನಿಂತಿರುತ್ತಿತ್ತು, ಒಳಗೆ ಹೋಗಿ ಮುಟ್ಟಲು ನನಗೆ ಪರವಾನಗಿ ಇರಲಿಲ್ಲ. ಒಂದು ದಿನ ಪಾಠ ಮಾಡುವಾಗ ಯಾವಳೋ ಹುಡುಗಿ ಫೋನ್ ಮಾಡಿ, ನಮ್ಮ ಸರ್ವಿಸಿಗೆ ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳಿದಳು. "ಗಾಡಿ ಇನ್ನ ನಿಮ್ಮ ಕಡೇನ ಐತವಾ, ಉತ್ತರಪತ್ರಿಕೆ ಕೈಗೆ ಬರಲಾರದ ಅಂಕ ಹೆಂಗ ಹಾಕಲಿ?" ಎಂದೆ. ಆಕೆ, ಹಾಗಾದರೆ ಹತ್ತು ಅಂತ ಬರೆದುಕೊಳ್ಳಲಾ ಎಂದಳು. ತಲೆ ಕೆಟ್ಟು ಮೊಸರುಗಡಿಗೆಯಾಯಿತು.

ಅಂತೂ ಬೆಳಗಾವಿಯ ಇಂಜಿನಿಯರ್ ಕೈಗೆ ಸಿಕ್ಕರು. ಬಿಚ್ಚಿದ ಕ್ಲಚ್ ಪ್ಲೇಟನ್ನು ತಂದು ತೋರಿಸಿದರು. ಸುಟ್ಟು ಕರ್ರಗಾಗಿತ್ತು. "ಇದು ಸವೆದದ್ದಲ್ರಿ, ಸುಟ್ಟದ್ದು. ತಯಾರಿಕೆಯೊಳಗ ದೋಷ ಇಲ್ಲ," ಎಂದರು. ನಾನು ಬಿಡಲಿಲ್ಲ. ಶೋರೂಮಿನ ಇನ್ನೊಂದು ಗಾಡಿಯಲ್ಲಿ ನನ್ನ ಬಾಜೂಕ್ಕೆ ಕೂತು ನನ್ನ ಕಾಲು ನೋಡಬೇಕೆಂದು ಹಟ ಹಿಡಿದೆ. ಅವರು ಬಂದರು, ಇವರು ಹಿಂದೆ ಕೂತರು. ಗೋಕಾಕದ ಸಂತೆಯ ಗದ್ದಲದಲ್ಲಿ ಓಡಿಸಿದೆ, ಫಾಲ್ಸ್ ರಸ್ತೆಯ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಮತ್ತೆ ಎತ್ತಿಕೊಂಡು ತೋರಿಸಿದೆ. ಇಂಜಿನಿಯರ್ ನನ್ನ ಕಾಲಿನಿಂದ ಕಣ್ಣು ತೆಗೆದು ಹೇಳಿದರು:

"ಕಾಲು ಛಲೋ ಐತ್ರಿ ಮೇಡಂ ನಿಮ್ಮದು. ಆದ್ರ ಪ್ಲೇಟ್ ಅಂತೂ ಸುಟ್ಟೇತಿ. ಮನ್ಯಾಗ ಮತ್ತ ಯಾರರ ಓಡಸ್ತಾರೇನು?"

"ಯಾರೂ ಇಲ್ರಿ," ಎಂದೆ. ಹಿಂದಿನಿಂದ ಇವರೂ, "ಇಲ್ರಿ," ಎಂದರು.

ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ನಮಗೆ ನಿಜವಾಗಿಯೂ ಯಾರೂ ನೆನಪಾಗಲಿಲ್ಲ.

ವಾರಂಟಿ ಸಿಗಲಿಲ್ಲ. ಓಡಿಸುವವರ ತಪ್ಪು ಎಂದು ಬರೆದು ಕೊಟ್ಟರು. ಓಡಿಸುವವಳು ನಾನೊಬ್ಬಳೇ ಎಂದು ನಾನೇ ಹೇಳಿದ್ದೆನಲ್ಲ. ಗ್ರಾಹಕರ ಕೋರ್ಟಿಗೆ ಹೋಗುತ್ತೇನೆ ಎಂದು ಅಲ್ಲೇ ಕೂಗಾಡಿದೆ. "ಹೋಗ್ರಿ ಮೇಡಂ, ನಿಮ್ಮ ಹಕ್ಕ ಐತಿ," ಎಂದು ಅಡ್ವೈಸರ್ ಮತ್ತೊಂದು ಚಹಾ ತರಿಸಿದ. ಕೊನೆಗೆ ನಮ್ಮ ಖರ್ಚಿನಲ್ಲೇ ಹೊಸ ಕ್ಲಚ್ಚು ಹಾಕಿಸಿದೆವು. ಕಾರು ತೆಗೆದುಕೊಂಡು ಬರುವಾಗ ಬಸ್ ಸ್ಟ್ಯಾಂಡಿನ ಹತ್ತಿರ ಇವರು ನಿಧಾನಕ್ಕೆ ಬಾಯಿ ಬಿಟ್ಟರು.

"ನಾ ಅವ್ವನ ಸಂಗಾಟ ಮಾತಾಡೇನಿ. ಈ ಸಲಾ ಆಗೇತಿ, ಆಗಲಿ. ಮತ್ತ ಹೋತಂದ್ರ ಒಬ್ಬ ಡ್ರೈವರನ್ನ ಇಡೂಣು. ನೀ ಹಿಂದ ಕುಂತ ಆರಾಮ ಸಾಲಿಗಿ ಹೋಗೀಯಂತ."

ಹೊರಗಿನವರಿಗೆ ಇದು ಸುಖದ ಮಾತಿನ ಹಾಗೆ ಕೇಳಿಸಬಹುದು. ನನಗೆ ಹಾಗೆ ಕೇಳಿಸಲಿಲ್ಲ. ಮನೆಯ ಕೆಲಸಕ್ಕೂ ಶಾಲೆಯ ಕೆಲಸಕ್ಕೂ ನಡುವೆ ಆ ರಸ್ತೆಯೊಂದೇ ನನ್ನದಾಗಿತ್ತು. ಯಾರನ್ನೂ ಕೇಳದೆ ಹೊರಡುವುದು, ಬೇಕಾದಲ್ಲಿ ನಿಲ್ಲಿಸಿ ಪೇರಲಹಣ್ಣು ಕೊಳ್ಳುವುದು, ಒಬ್ಬಳೇ ಗೊಣಗಿಕೊಳ್ಳುವುದು. ಅದನ್ನು ಸ್ಟೀರಿಂಗಿನ ಸಮೇತ ಕಿತ್ತುಕೊಳ್ಳುವ ಮಾತಿದು.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ನನ್ನ ಕಾಲಿನ ಮೇಲೆ ನನಗೇ ಸಂಶಯ ಹುಟ್ಟಿತು. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಓಡಿಸತೊಡಗಿದೆ. ಎಡಗಾಲನ್ನು ಸೀಟಿನ ಬುಡಕ್ಕೆ ಎಳೆದುಕೊಂಡು ಕಳ್ಳನನ್ನು ಕಾಯುವ ಹಾಗೆ ಕಾಯುತ್ತಿದ್ದೆ. ಎಲ್ಲೋ ಯಾರೋ ಕಸ ಸುಟ್ಟರೆ ಸಾಕು, ಹೋಯಿತು ನನ್ನ ಕ್ಲಚ್ಚು ಎಂದು ಗಾಡಿಯನ್ನು ಬದಿಗೆ ನಿಲ್ಲಿಸುತ್ತಿದ್ದೆ. ಶಾಲೆಯಲ್ಲಿ ಜೊತೆಯವರು, "ಕಾಲ ನೋವೇನ್ರಿ ಅಕ್ಕಾರ?" ಎಂದು ಕೇಳಿದರು.

ಕಬ್ಬಿನ ಹಂಗಾಮು ಮುಗಿದ ಮೇಲೆ ಒಂದು ಭಾನುವಾರ ಅತ್ತೆಯ ಊರಿಗೆ ಹೊರಟೆವು. ಅಗಸಿಯ ಹತ್ತಿರ ರೂಢಿಯಂತೆ ನಿಲ್ಲಿಸಿದೆ, ಇಳಿದೆ, ಎಡಕ್ಕೆ ಬಂದೆ, ಸೆರಗು ಎಳೆದುಕೊಂಡೆ. ಅಗಸಿಯಿಂದ ಮನೆಯ ತನಕ ಏರುದಾರಿ. ಆ ಏರಿನ ಉದ್ದಕ್ಕೂ ಕಟ್ಟೆಗಳು, ಕಟ್ಟೆಗಳ ಮೇಲೆ ಇವರಿಗೆ ಚಿಕ್ಕಪ್ಪನ ವರಸೆಯಾಗುವ ಕಾಕಾಗಳು. ಮಾತಾಡಿಸದೆ ಹೋದರೆ ಕಾರು ಬಂದ ಮೇಲೆ ಸೊಕ್ಕು ಬಂತು ಅನ್ನುತ್ತಾರೆ. ಇಂಜಿನ್ ಬಂದ್ ಮಾಡಿದರೆ ಇಳಿದ ಹಾಗೇ ಲೆಕ್ಕ, ಚಹಾ ಕುಡಿಯದೆ ಬಿಡುವುದಿಲ್ಲ. ಹಾಗಾಗಿ ಎಲ್ಲರೂ ಮಾಡುವುದನ್ನೇ ಇವರೂ ಮಾಡುತ್ತಿದ್ದರು: ಗಾಡಿಯನ್ನು ಚಾಲೂ ಇಟ್ಟು, ಏರಿನಲ್ಲೇ ನಿಲ್ಲಿಸಿಕೊಂಡು, ಕಿಟಕಿಯಿಂದ ಮಾತಾಡುವುದು.

ಮೊದಲ ಕಟ್ಟೆಯ ಹತ್ತಿರ ನಿಂತರು. ಕಾಕಾ ಕೋಲು ಊರಿಕೊಂಡು ಕಿಟಕಿಗೆ ಬಂದರು. ಕಬ್ಬಿನ ಟನ್ನೇಜು, ಫ್ಯಾಕ್ಟರಿಯವರ ತೂಕ, ನಿಡಸೋಸಿ ಮಠದಲ್ಲಿ ನಡೆದ ಪ್ರಸಾದ, ಯಾರದೋ ಮಗಳ ಬಾಣಂತನ. ಮಾತು ಮುಗಿಯುವ ಲಕ್ಷಣ ಇರಲಿಲ್ಲ. ಅಷ್ಟರಲ್ಲಿ ವಾಸನೆ ಬಂತು, ಅದೇ ಸೀದ ಬಟ್ಟೆಯ ವಾಸನೆ.

ಹಿಂದೆಯೂ ಇಲ್ಲಿ ಈ ವಾಸನೆ ಬಂದಿತ್ತು. ಆ ಕಟ್ಟೆಯ ಹಿಂದೆ ಬೆಲ್ಲ ಮಾಡುವ ಗಾಣ ಇದೆ, ಅಲ್ಲಿ ರವದಿ, ಅಂದರೆ ಕಬ್ಬಿನ ಒಣಸೋಗೆ, ಸುಡುತ್ತಿದ್ದಾರೆ ಎಂದುಕೊಂಡಿದ್ದೆ. ತಿರುಗಿ ನೋಡಿದೆ. ಹಂಗಾಮು ಮುಗಿದಿತ್ತು, ಗಾಣದ ಒಲೆ ತಣ್ಣಗಿತ್ತು, ಅದರ ಬಾಯಲ್ಲಿ ನಾಯಿ ಮಲಗಿತ್ತು. ಆಗ ನಾನು ಜೀವನದಲ್ಲಿ ಮೊದಲ ಸಲ ನನ್ನ ಗಂಡನ ಕಾಲುಗಳನ್ನು ನೋಡಿದೆ. ಬಲಗಾಲು ಎಕ್ಸಲೇಟರಿನ ಮೇಲೆ, ಎಡಗಾಲು ಕ್ಲಚ್ಚಿನ ಮೇಲೆ ಅರ್ಧಕ್ಕೆ. ಬ್ರೇಕಿನ ಮೇಲೆ ಯಾವ ಕಾಲೂ ಇಲ್ಲ. ಆ ಏರಿನಲ್ಲಿ, ಆ ಅರ್ಧ ಕ್ಲಚ್ಚಿನ ಮೇಲೆ ನನ್ನ ಇಡೀ ಕಾರು ನೇತುಬಿದ್ದಿತ್ತು. ಕಾಕಾ ನಕ್ಕಾಗ ಇವರೂ ನಗುತ್ತಿದ್ದರು, ಕಾರೂ ಸ್ವಲ್ಪ ಹಿಂದೆ ಮುಂದೆ ತೂಗುತ್ತಿತ್ತು.

ನಾನು ಕೈ ಹಾಕಿ ಹ್ಯಾಂಡ್‌ಬ್ರೇಕ್ ಎಳೆದು ಕೀಲಿ ತಿರುಗಿಸಿ ಇಂಜಿನ್ ಬಂದ್ ಮಾಡಿಬಿಟ್ಟೆ. ಕಾಕಾಗೆ ಖುಷಿಯಾಯಿತು. "ಹಾಂ, ಬರ್ರಿ ಒಳಗ. ಚಾ ಇಡಾಕ ಹೇಳತೇನಿ," ಎಂದು ಹೊರಟರು.

ಅವರು ಒಳಗೆ ಹೋದ ಮೇಲೆ ಕೇಳಿದೆ, "ಪ್ರತಿ ಸಲಾ ಹಿಂಗ ನಿಂದರತಿದ್ರ್ಯಾ?"

"ಹೆಂಗ?"

"ಕ್ಲಚ್ಚಿನ ಮ್ಯಾಲ."

ಅವರು ಕಾಲು ನೋಡಿಕೊಂಡರು. ಆ ಕಾಲು ಇನ್ನೂ ಅಲ್ಲೇ ಇತ್ತು. "ಟ್ರ್ಯಾಕ್ಟರಿನ ರೂಢಿ," ಎಂದರು.

"ಮತ್ತ ಗೋಕಾಕದಾಗ ಯಾರ ಓಡಸ್ತಾರ ಅಂತ ಕೇಳಿದಾಗ ಬಾಯಿಗಿ ಏನಾಗಿತ್ರಿ ನಿಮಗ?"

ಅವರು ನಿಜವಾಗಿಯೂ ಗಲಿಬಿಲಿಗೊಂಡು ನನ್ನ ಮುಖ ನೋಡಿದರು. "ಅಗಸಿಯೊಳಗ ಓಡಸೂದು ಓಡಿಸಿದಂಗ ಏನ? ಅದು ಊರಾಗ ಬಂದಂಗ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಆ ಎಮ್ಮೆ ನಾನು. ಇನ್ನೂ ಉರಿಯುವ ಸಂಗತಿ ಎಂದರೆ ಆ ಶೋರೂಮಿನವರು ಹೇಳಿದ್ದು ಖರೆಯೇ ಆಗಿತ್ತು. ತಯಾರಿಕೆಯಲ್ಲಿ ದೋಷ ಇರಲಿಲ್ಲ. ಇನ್ನು ಕೋರ್ಟಿಗೆ ಹೋಗುವ ಮುಖ ನನಗಿರಲಿಲ್ಲ. ಲೇಡೀಸ್ ಹಂಗ ಮಾಡತಾರ ಎಂದ ಆ ಅಡ್ವೈಸರನ ಮುಂದೆ ಹೋಗಿ ನಿಂತು, ಅಲ್ಲಪ್ಪ, ನನ್ನ ಗಂಡ ಹಂಗ ಮಾಡತಾನ ಎಂದು ಹೇಳಲಿಕ್ಕೂ ಬರುತ್ತಿರಲಿಲ್ಲ. ಅಷ್ಟು ಸಿಟ್ಟನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಕಾಕಾನ ಮನೆಯ ಸಕ್ಕರೆ ಪಾಕದಂಥ ಚಹಾ ಕುಡಿದೆ.

ಮುಂದಿನ ಸಲ ಹೋದಾಗ ಅಗಸಿಯ ಕಂಬಗಳು ಕಂಡವು. ಇವರು ಆಗಲೇ ಸೀಟ್ ಬೆಲ್ಟ್ ಬಿಚ್ಚಿದ್ದರು.

"ನಿಂದರಸು," ಎಂದರು.

ನಾನು ಗೇರು ಇಳಿಸಿದೆ, ನಿಲ್ಲಿಸಲಿಲ್ಲ.

"ಏ, ನಿಂದರಸ ಅಂದ್ನೆಲ್ಲ. ಮಂದಿ ನೋಡತಾರ."

"ನೋಡಲಿ," ಎಂದೆ. ಕಂಬಗಳು ಹಿಂದೆ ಹೋದವು. ಎರಡೂ ಕೈ ಸ್ಟೀರಿಂಗಿನ ಮೇಲಿದ್ದವು, ಸೆರಗು ಹೆಗಲ ಮೇಲೇ ಉಳಿಯಿತು.

ಕಟ್ಟೆಯ ಹತ್ತಿರ ಬಂದಾಗ ಬ್ರೇಕ್ ಒತ್ತಿ ನಿಂತೆ, ಹ್ಯಾಂಡ್‌ಬ್ರೇಕ್ ಎಳೆದೆ, ಗೇರು ತೆಗೆದೆ. ಕಾಕಾ ರೂಢಿಯಂತೆ ಬಲಗಡೆಯ ಕಿಟಕಿಗೆ ಬಂದು ಬಗ್ಗಿದವರು ನನ್ನನ್ನು ಕಂಡು ನೆಟ್ಟಗಾದರು.

"ಆರಾಮ ಏನ್ರಿ ಮಾವಾರ?" ಎಂದೆ.

ಅವರು ಇಡೀ ಕಾರನ್ನು ಸುತ್ತುಹಾಕಿ ಆಚೆ ಬಾಜೂ ಹೋದರು. ಕಟ್ಟೆಯ ಮೇಲಿದ್ದವರೆಲ್ಲ ಇತ್ತಲೇ ತಿರುಗಿದ್ದರು. "ಯಾಕೋ ತಮ್ಮಾ, ಮೈಯಾಗ ಆರಾಮ ಇಲ್ಲೇನು?" ಎಂದು ಕಾಕಾ ಇವರನ್ನು ಕೇಳಿದರು.

ನಾನು ಕೆಳಗೆ ನೋಡಿದೆ. ಇವರ ಎಡಗಾಲು ಬರಿ ನೆಲದ ಮ್ಯಾಟನ್ನು ಅರ್ಧಕ್ಕೆ ಒತ್ತಿ ಹಿಡಿದಿತ್ತು. ಹೂಂ ಎಂದುಬಿಟ್ಟರೆ ಸಾಕಿತ್ತು, ಜ್ವರ ಎಂದರೆ ಊರು ಒಪ್ಪುತ್ತಿತ್ತು, ಮುಂದಿನ ವಾರ ಮತ್ತೆ ಅಗಸಿಯಲ್ಲಿ ನಿಲ್ಲಿಸಬೇಕಾಗುತ್ತಿತ್ತು.

"ನಾ ಆರಾಮ ಅದೇನ್ರಿ ಕಾಕಾ," ಎಂದರು. ಆಮೇಲೆ ಗೋಕಾಕದ ಶೋರೂಮಿನಲ್ಲಿ ಹೇಳಿದ್ದ ಅದೇ ಮಾತನ್ನು ಹೇಳಿದರು. "ಅಕಿನ ಓಡಸ್ತಾಳ್ರಿ. ಗಾಡಿ ಅಕಿಂದು."

ನಾನು ಕ್ಲಚ್ ಒತ್ತಿ ಮೊದಲ ಗೇರು ಹಾಕಿದೆ.