ಎಡಗಡೆಯ ಹೂವು

ಮುನಿಕೆಂಪಮ್ಮನ ಕಥೆ ಹೇಳಹೊರಟರೆ ನನಗೆ ಮೊದಲು ಸಿಟ್ಟೇ ಬರುತ್ತದೆ. ಯಾರ ಮೇಲೆ ಅಂತ ಕೇಳಬೇಡಿ. ಗೊತ್ತಿದ್ದರೆ ಅವರ ಮನೆ ಬಾಗಿಲಿಗೇ ಹೋಗಿ ಜಗಳ ತೆಗೆಯುತ್ತಿದ್ದೆ.

ನಾವೆಲ್ಲ ಅವಳನ್ನು ಕರೆಯುವುದು ಕೆಂಪಕ್ಕ ಅಂತ. ಅಮೃತಹಳ್ಳಿಯವಳು. ೨೦೦೯ರಲ್ಲಿ, ವಿಮಾನ ನಿಲ್ದಾಣದ ರಸ್ತೆಯಲ್ಲಿ ಹೊಸದಾಗಿ ಎದ್ದ ಹೋಟೆಲೊಂದರಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿದಳು. ಹೂವು ಜೋಡಿಸಲು ಬರುತ್ತಿದ್ದವನು ಒಂದು ದಿನ ಕೈಕೊಟ್ಟ. ಬಾಗಿಲೆದುರಿನ ದೊಡ್ಡ ಹೂದಾನಿ ಬೋಳಾಗಿ ನಿಂತಿತ್ತು. ಕೆಂಪಕ್ಕ ಒರೆಸುವ ಕೋಲನ್ನು ಗೋಡೆಗೆ ಒರಗಿಸಿ, ಬಕೆಟ್ಟಿನಲ್ಲಿದ್ದ ಹೂವು ತೆಗೆದು ತಾನೇ ಜೋಡಿಸಿದಳು. ಬೈಯಲು ಬಂದ ಮ್ಯಾನೇಜರು ಬೈಯುವುದು ಮರೆತು ನೋಡುತ್ತ ನಿಂತ. ಮರುದಿನದಿಂದ ಆ ಕೆಲಸ ಅವಳದೇ ಆಯಿತು.

ಎರಡು ವರ್ಷದ ಮೇಲೆ ನಾನು ಅವಳ ಕೈಕೆಳಗೆ ಸೇರಿದೆ. ನನ್ನ ಹೆಸರು ರಾಧಾಮಣಿ, ಹೂವು ಜೋಡಿಸುವುದರಲ್ಲಿ ಆರು ತಿಂಗಳ ಕೋರ್ಸ್ ಮಾಡಿದವಳು. ಆ ಕೊಬ್ಬನ್ನು ಕೆಂಪಕ್ಕ ಒಂದೇ ವಾರದಲ್ಲಿ ಇಳಿಸಿದಳು. ಎರಡೂ ಕಡೆ ಮೂರು ಮೂರು ಗ್ಲಾಡಿಯೋಲಸ್ ಕಡ್ಡಿಗಳನ್ನು ಅಳತೆ ಹಿಡಿದು ನಿಲ್ಲಿಸಿದ್ದೆ.

"ಏನೇ ಇದು, ಡ್ರಿಲ್ ಮಾಡಿಸ್ತಿದೀಯಾ?" ಅಂದಳು. "ತಕ್ಕಡೀಲಿ ಒಂದ್ ಕಡೆ ಬದನೆಕಾಯಿ, ಇನ್ನೊಂದ್ ಕಡೆ ಕಲ್ಲು. ಎರಡೂ ಒಂದೇ ತರ ಇರ್ತವಾ? ತೂಕ ಸಮ ಇದ್ರೆ ಸಾಕು."

ಹೂವಿನ ಎತ್ತರ ಹೂದಾನಿಯ ಒಂದೂವರೆ ಪಟ್ಟು ಇರಬೇಕು. ಅರಳಿದ ದೊಡ್ಡ ಹೂವು, ಗಾಢ ಬಣ್ಣ ಕೆಳಗೆ. ಮೊಗ್ಗು, ತಿಳಿ ಬಣ್ಣ ತುದಿಗೆ. "ಮೂಟೆ ತಲೆ ಮ್ಯಾಲಿದ್ರೆ ನೋಡೋರಿಗೂ ಕತ್ತು ನೋಯ್ತದೆ" ಅನ್ನುತ್ತಿದ್ದಳು. ನಾನು ಉಳಿದ ಹೂವನ್ನೆಲ್ಲ ತುರುಕಿದರೆ, "ಎಬ್ಬಾಳದ ಬಸ್ಸೇನೇ ಇದು? ಇಳ್ಸು ಒಂದಷ್ಟ್ನ" ಅಂತ ತಾನೇ ಕಿತ್ತು ಹಾಕುತ್ತಿದ್ದಳು. ಕೋರ್ಸಿನಲ್ಲೂ ಇದನ್ನೇ ಹೇಳಿಕೊಟ್ಟಿದ್ದರು, ಇಂಗ್ಲಿಷಿನಲ್ಲಿ. ನನ್ನ ಮಂಡೆಗೆ ಹತ್ತಿದ್ದು ಮಾತ್ರ ಇಲ್ಲಿ.

ಅವಳಿಗಿದ್ದದ್ದು ಒಂದೇ ಆಸೆ. ಮಗಳು ಮೋನಿಕಾಳ ರಿಸೆಪ್ಷನ್ ವೇದಿಕೆಗೆ ಹೂವು ತಾನೇ ಇಡಬೇಕು. "ಬೇರೆಯೋರು ಮುಟ್ಟುದ್ರೆ ಕೈ ಮುರೀತೀನಿ" ಅಂತ ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದಳು.

೨೦೧೮ರ ಆಗಸ್ಟಿನಲ್ಲಿ ನಿಶ್ಚಿತಾರ್ಥವಾಯಿತು. ಹದಿನೈದು ದಿನಕ್ಕೆ ಕೆಂಪಕ್ಕನಿಗೆ ಲಕ್ವ ಹೊಡೆಯಿತು. ಮೂರು ತಿಂಗಳಲ್ಲಿ ಕೈಕಾಲು ತಕ್ಕಮಟ್ಟಿಗೆ ಸರಿಹೋದವು. ಬದುಕಿತು ಬಡಜೀವ ಅಂದುಕೊಂಡೆವು. ಆದರೆ ಊಟಕ್ಕೆ ಕೂತಾಗಲೆಲ್ಲ ಒಂದು ರಗಳೆ. ತಟ್ಟೆಯ ಬಲಗಡೆಯ ಪಲ್ಯವನ್ನಷ್ಟೇ ತಿಂದು, "ಮುದ್ದೆನೇ ಆಕ್ಲಿಲ್ಲ" ಅಂತ ಮಗಳನ್ನು ಬೈಯುತ್ತಿದ್ದಳು. ಮುದ್ದೆ ಎಡಗಡೆ ಆರುತ್ತ ಕೂತಿರುತ್ತಿತ್ತು. ತಟ್ಟೆ ತಿರುಗಿಸಿದರೆ, "ಈಗ ಆಕುದ್ಯಾ? ಇಷ್ಟೊತ್ತು ಏನ್ ಮಾಡ್ತಿದ್ದೆ?"

ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. "ಕಣ್ಣಿಗೇನೂ ಆಗಿಲ್ಲಮ್ಮ" ಅಂದರು. "ಎಡಗಡೆ ಅಂತ ಒಂದಿದೆ ಅನ್ನೋದನ್ನೇ ಮೆದುಳು ಬಿಟ್ಟುಬಿಟ್ಟಿದೆ. ಕೆಲವರಿಗೆ ವಾಪಸ್ ಬರುತ್ತೆ. ಎಡಕ್ಕೆ ನೋಡೋದು ಅಭ್ಯಾಸ ಮಾಡಿಸಿ."

ಕೆಲವರಿಗಂತೆ. ಆ ಕೆಲವರಲ್ಲಿ ನಮ್ಮವಳು ಇದ್ದಾಳೋ ಇಲ್ಲವೋ ಹೇಳಲು ಇವರಿಗೇನು ಧಾಡಿ ಅಂತ ದಾರಿಯುದ್ದಕ್ಕೂ ಗೊಣಗಿದೆ. ಪಾಪ, ಅವರದೇನು ತಪ್ಪು.

ಅಭ್ಯಾಸಕ್ಕೆ ಅಂತ ಮನೆಗೇ ಹೂವು ಒಯ್ದೆ. ಕೆಂಪಕ್ಕ ಬಲಗಡೆಯ ಅರ್ಧವನ್ನು ಮೊದಲಿನಷ್ಟೇ ಚೆಂದ ಜೋಡಿಸಿದಳು. ಎಡಗಡೆ ಹೂವು ಚುಚ್ಚುವ ಹಸಿರು ಸ್ಪಂಜು ಬರಿದಾಗಿ ಕಾಣುತ್ತಿತ್ತು. ಹಿಂದಕ್ಕೆ ಸರಿದು ನೋಡಿ, "ಆಯ್ತು" ಅಂದಳು.

"ಎಡಗಡೆ ನೋಡಕ್ಕಾ."

"ನೋಡ್ದೆ."

"ಏನಿದೆ ಅಲ್ಲಿ?"

"ಊವೈತೆ. ನಿಂಗೇನು ಕಣ್ಣು ಕಾಣಲ್ವಾ?"

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅವಳ ಗಲ್ಲ ಹಿಡಿದು ಎಡಕ್ಕೆ ತಿರುಗಿಸಿದೆ. ಕೈಬಿಟ್ಟ ಕೂಡಲೇ ಮುಖ ಬಲಕ್ಕೆ ಬಂತು. ಆಮೇಲೆ ಮಹಾ ಬುದ್ಧಿವಂತೆಯ ಹಾಗೆ ಹೂದಾನಿಯನ್ನೇ ತಿರುಗಿಸಿದೆ. ಬರಿದಾದ ಅರ್ಧ ಅವಳ ಬಲಕ್ಕೆ ಬಂತು. "ಯಾರೇ ಇಂಗೆ ಅರ್ಧಂಬರ್ಧ ಬಿಟ್ಟಿರೋದು, ನೀನೇನಾ?" ಅಂತ ಬೈದು ಅದನ್ನೂ ತುಂಬಿದಳು. ಅದೂ ಚೆಂದವೇ. ಆದರೆ ಒಂದು ಕಡೆ ಮೊಳದುದ್ದ, ಇನ್ನೊಂದು ಕಡೆ ಗೇಣುದ್ದ. ಒಂದು ಬರೀ ಕೆಂಪು, ಇನ್ನೊಂದು ಬರೀ ಹಳದಿ. ಒಂದಕ್ಕೊಂದು ಸಂಬಂಧವೇ ಇಲ್ಲ. ತೂಗಿ ನೋಡಬೇಕಾದರೆ ಎರಡೂ ಒಟ್ಟಿಗೆ ಕಾಣಬೇಕಲ್ಲ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಹಾಗೇ ಮೂರು ತಿಂಗಳು ಕಳೆಯಿತು. ದಿನಾ ಹೇಳಿದೆ, ದಿನಾ ಬೈಸಿಕೊಂಡೆ, ಏನೂ ಬದಲಾಗಲಿಲ್ಲ.

ಫೆಬ್ರವರಿಯಲ್ಲಿ, ಬಾಗಲೂರು ರಸ್ತೆಯ ಕಲ್ಯಾಣಮಂಟಪದಲ್ಲಿ ರಿಸೆಪ್ಷನ್. ಡೆಕೋರೇಷನ್‌ನವರಿಗೆ ಒಪ್ಪಿಸಿಬಿಡಿ, ಜನ ಆಡಿಕೊಳ್ಳುತ್ತಾರೆ ಅಂತ ನೆಂಟರು ಒಂದೇ ಸಮ ಹೇಳಿದರು. ಮೋನಿಕಾ ಒಪ್ಪಲಿಲ್ಲ. ಮಧ್ಯಾಹ್ನ ಪೂರ್ತಿ ಕೆಂಪಕ್ಕ ವೇದಿಕೆಯ ಮೇಲೆ ನಿಂತು ಸೊಂಟದೆತ್ತರದ ಹೂದಾನಿಗೆ ಹೂವು ಇಟ್ಟಳು. ಬಿಳಿ ಸುಗಂಧರಾಜ ಮೇಲಕ್ಕೆ, ಕಡುಗೆಂಪು ಗುಲಾಬಿ ಬುಡಕ್ಕೆ, ನಡುವೆ ಬೇಕಾದಷ್ಟೇ ಹಸಿರು. ಎಲ್ಲ ಬಲಗಡೆ. ಎಡಗಡೆ ಒಂದು ಎಸಳೂ ಇಲ್ಲ. ನಾನು ಒಂದು ಕಡ್ಡಿ ಹಿಡಿದು ಎಡಕ್ಕೆ ಹೋದೆ. "ಮುಗ್ದಿರೋದನ್ನ ಯಾಕೆ ಕೆದಕ್ತೀಯಾ" ಅಂತ ರೇಗಿದಳು. ಅವಳು ಸೀರೆ ಬದಲಿಸಲು ಹೋದ ಮೇಲೆ ಮತ್ತೆ ಕೈ ಹಾಕಿದೆ.

"ಬೇಡ ಆಂಟಿ" ಅಂದಳು ಮೋನಿಕಾ, ಹಿಂದಿನಿಂದ. "ಅಮ್ಮ ಇಟ್ಟಿದ್ದಕ್ಕೆ ಯಾರೂ ಕೈ ಹಚ್ಚೋದು ಬೇಡ. ಆ ಜಾಗದಲ್ಲಿ ನಾನೇ ನಿಂತ್ಕೋತೀನಿ."

ಸಂಜೆ ಗಂಡು ಇನ್ನೂ ಬಂದಿರಲಿಲ್ಲ. ಮೋನಿಕಾ ಗುಲಾಬಿಯದೇ ಕೆಂಪು ಬಣ್ಣದ ಸೀರೆಯುಟ್ಟು, ಬಂದು ಹೂದಾನಿಯ ಎಡಕ್ಕೆ ನಿಂತಳು. ಸತ್ಯ ಹೇಳುತ್ತೇನೆ, ಹೂವಿಗೆ ಕೊರತೆಯೇ ಉಳಿಯಲಿಲ್ಲ. ನನ್ನ ಜೀವಕ್ಕೆ ಎಷ್ಟು ಸಮಾಧಾನವಾಯಿತೆಂದರೆ, ಓಡಿಹೋಗಿ ಕೆಂಪಕ್ಕನನ್ನು ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದೆ.

ಅವಳು ಬಹಳ ಹೊತ್ತು ನೋಡಿದಳು. "ಚೆನ್ನಾಗಿ ಬಂದೈತೆ ಅಲ್ವೇನೇ?"

"ಬಂದಿದೆ ಅಕ್ಕಾ."

ವೇದಿಕೆಯಿಂದ ಮೋನಿಕಾ ಅಮ್ಮನನ್ನೇ ನೋಡಿ ನಗುತ್ತಿದ್ದಳು. ಕೆಂಪಕ್ಕ ಕಣ್ಣೊರೆಸಿಕೊಂಡು, ಬಲಗಡೆಯ ಬಾಗಿಲ ಕಡೆ ತಿರುಗಿದಳು.

"ಮೋನಿಕಾ ಇನ್ನೂ ರೆಡಿ ಆಗ್ಲಿಲ್ವಾ? ಓಗಿ ಕರ್ಕೊಂಬಾರೇ. ಬಾಡೋದ್ರೊಳಗೆ ಬಂದು ನೋಡ್ಲಿ."